ಕಂಡದ್ದು, ಕೇಳಿದ್ದು, ಊಹಿಸಿದ್ದು: ತುರ್ಕಿಯ ದಿನಬಳಕೆಯಿಂದ ಒಂದು ಪಾಠ



ಪ್ರವಾಸಸಾಹಿತ್ಯವನ್ನು ಓದುವಾಗ ಲೇಖಕನು ಎಲ್ಲಿಗೆ ಹೋದನು, ಏನೇನು ನೋಡಿದನು ಎಂಬುದನ್ನು ನಾವು ಗುರುತು ಹಾಕಿಕೊಳ್ಳುತ್ತೇವೆ. ಆದರೆ ಅವನು ಬರೆದುದರಲ್ಲಿ ಕಣ್ಣಾರೆ ಕಂಡದ್ದೆಷ್ಟು, ಪರರಿಂದ ಕೇಳಿದ್ದೆಷ್ಟು, ತಾನೇ ಊಹಿಸಿದ್ದೆಷ್ಟು ಎಂದು ವಿಚಾರಿಸುವುದು ವಿರಳ. ಈ ವಿಚಾರಣೆಯನ್ನು ತನ್ನ ವ್ಯಾಕರಣದೊಳಗೇ ಇಟ್ಟುಕೊಂಡಿರುವ ಭಾಷೆಗಳಲ್ಲಿ ತುರ್ಕಿ ಒಂದು. ಆ ನಾಡಿಗೆ ಓದಲೆಂದು ಹೋಗುವ ಕನ್ನಡದ ವಿದ್ಯಾರ್ಥಿನಿಯೊಬ್ಬಳ ಒಂದು ದಿನವನ್ನು ಕಲ್ಪಿಸಿಕೊಂಡು, ಅಲ್ಲಿಯ ದಿನಬಳಕೆಯ ಮಾತು ನಮಗೇನು ಕಲಿಸಬಲ್ಲದು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಇಸ್ತಾಂಬುಲ್ ನಗರಕ್ಕೆ ಹೋದ ಯಾತ್ರಿಕನು ಆಯಾ ಸೋಫಿಯಾವನ್ನೂ ತೋಪ್‌ಕಾಪಿ ಅರಮನೆಯನ್ನೂ ನೋಡಿ ಮರಳುತ್ತಾನೆ. ಅಲ್ಲಿಯೇ ನೆಲೆಸುವ ವಿದ್ಯಾರ್ಥಿನಿಗೆ ಅಷ್ಟೇ ಸಾಲದು. ಅವಳು ರೊಟ್ಟಿ ಕೊಳ್ಳಬೇಕು, ವಾಹನ ಹತ್ತಬೇಕು, ಊಟದ ಸಾಲಿನಲ್ಲಿ ನಿಲ್ಲಬೇಕು. ಬೀದಿಯ ಫಲಕಗಳನ್ನು ಓದುವುದು ಅವಳಿಗೆ ಬೇಗ ಕೈವಶವಾಗುತ್ತದೆ. ಅರಬಿ ಲಿಪಿಯನ್ನು ಬಿಟ್ಟು 1928ರಲ್ಲಿ ಸ್ವೀಕರಿಸಿದ ಲ್ಯಾಟಿನ್ ವರ್ಣಮಾಲೆಯ 29 ಅಕ್ಷರಗಳು ಬಹುಮಟ್ಟಿಗೆ ಉಚ್ಚಾರಕ್ಕೆ ತಕ್ಕಂತೆಯೇ ಇವೆ. ಆದರೆ ಓದಲು ಬಂದ ಮಾತ್ರಕ್ಕೆ ಅರ್ಥ ಒಲಿಯದು. ಅದು ಒಲಿಯುವುದು ಜನರ ನಡುವೆ.

ಬೆಳಿಗ್ಗೆ ರೊಟ್ಟಿಯಂಗಡಿಯಿಂದಲೇ ಪಾಠ ಮೊದಲಾಗುತ್ತದೆ. ಎಳ್ಳು ಮೆತ್ತಿದ ಬಳೆಯಾಕಾರದ ರೊಟ್ಟಿಗೆ ‘ಸಿಮಿತ್’ ಎಂದು ಹೆಸರು. ಕೆಲವು ಅಂಗಡಿಗಳಲ್ಲಿ ಗಿರಾಕಿಗಳು ತಮ್ಮ ರೊಟ್ಟಿಯ ಜೊತೆಗೆ ಇನ್ನೊಂದರ ಹಣವನ್ನೂ ಕೊಟ್ಟು ಹೋಗುತ್ತಾರೆ. ಆ ರೊಟ್ಟಿ ಇಲ್ಲದವರಿಗೆ ಸಲ್ಲುತ್ತದೆ. ಇದನ್ನು ‘ಆಸ್ಕಿದಾ ಎಕ್ಮೆಕ್’, ಎಂದರೆ ‘ತೂಗುಹಾಕಿದ ರೊಟ್ಟಿ’ ಎನ್ನುತ್ತಾರೆ. ಕೊಟ್ಟವನು ಪಡೆದವನನ್ನು ಕಾಣುವುದಿಲ್ಲ. ಪಡೆದವನು ಕೊಟ್ಟವನ ಮುಂದೆ ತಲೆ ತಗ್ಗಿಸಬೇಕಾಗುವುದಿಲ್ಲ.

ಕೆಲಸದಲ್ಲಿರುವ ರೊಟ್ಟಿಯವನಿಗೆ ಹೇಳುವ ಮಾತು ‘ಕೊಲಾಯ್ ಗೆಲ್ಸಿನ್’: ‘ಸುಲಭವಾಗಿ ಬರಲಿ’. ಕಸ ಗುಡಿಸುವವರಿಗೂ ಓದುತ್ತ ಕುಳಿತವರಿಗೂ ಇದೇ ಹಾರೈಕೆ. ಉಣ್ಣುವವರಿಗೆ ‘ಆಫಿಯೆತ್ ಓಲ್ಸುನ್’, ಆರೋಗ್ಯವಾಗಲಿ. ರೋಗಿಗೆ, ಕಷ್ಟದಲ್ಲಿರುವವರಿಗೆ ‘ಗೆಚ್‌ಮಿಶ್ ಓಲ್ಸುನ್’, ಕಳೆದುಹೋದದ್ದಾಗಲಿ. ಅಡುಗೆ ಮಾಡಿದವರಿಗೆ ‘ಎಲಿನೆ ಸಾಲಿಕ್’, ನಿನ್ನ ಕೈಗೆ ಆರೋಗ್ಯ. ‘ಗೆಲ್ಸಿನ್’, ‘ಓಲ್ಸುನ್’ ಎಂಬ ರೂಪಗಳನ್ನು ಗಮನಿಸಿರಿ. ‘ಬರಲಿ’, ‘ಆಗಲಿ’ ಎಂಬ ನಮ್ಮ ವಿಧ್ಯರ್ಥಕ ಕ್ರಿಯಾಪದಗಳು ಮಾಡುವ ಕೆಲಸವನ್ನೇ ಅಲ್ಲಿ ಇವು ಮಾಡುತ್ತವೆ. ವ್ಯಾಕರಣದ ತರಗತಿಯಲ್ಲಿ ನೀರಸವೆನಿಸುವ ಒಂದು ರೂಪವು ಅಲ್ಲಿ ದಿನಕ್ಕೆ ಹತ್ತಾರು ಬಾರಿ ಮತ್ತೊಬ್ಬರ ಶ್ರಮವನ್ನೋ ನೋವನ್ನೋ ಗುರುತಿಸಲು ಬಳಕೆಯಾಗುತ್ತದೆ.

ವಿದ್ಯಾಲಯಕ್ಕೆ ಹೋಗಲು ‘ದೋಲ್ಮುಶ್’ ಇದೆ. ‘ದೋಲ್ಮುಶ್’ ಎಂದರೆ ‘ತುಂಬಿದ್ದು’. ಹೊರಡುವ ನೆಲೆಯಲ್ಲಿ ಜನ ತುಂಬಿದ ಮೇಲೆ ಹೊರಡುವುದರಿಂದ ಈ ಹೆಸರು. ನಮ್ಮ ಭಾಗದ ವಡಾಪು ಜೀಪನ್ನು ಹತ್ತಿದವರಿಗೆ ವಿವರಣೆ ಬೇಕಿಲ್ಲ. ಹಿಂದಿನ ಆಸನದವರು ಮುಂದಿನವರ ಭುಜ ತಟ್ಟಿ ಹಣ ಕೊಡುತ್ತಾರೆ; ಅದು ಕೈಯಿಂದ ಕೈಗೆ ದಾಟಿ ಚಾಲಕನನ್ನು ಸೇರುತ್ತದೆ; ಚಿಲ್ಲರೆಯೂ ಅದೇ ದಾರಿಯಲ್ಲಿ ಮರಳುತ್ತದೆ. ಇಳಿಯಬೇಕಾದಾಗ ‘ಇನೆಜೆಕ್ ವಾರ್’ ಎಂದು ಕೂಗಬೇಕು. ‘ಇನೆಜೆಕ್’ ಎಂದರೆ ಇಳಿಯುವವರು, ‘ವಾರ್’ ಎಂದರೆ ಉಂಟು. ಪದಕ್ಕೆ ಪದವಿಟ್ಟರೂ ಕನ್ನಡದ ವಾಕ್ಯ ಕೆಡುವುದಿಲ್ಲ.

ಮಧ್ಯಾಹ್ನದ ಊಟ ‘ಯೆಮೆಕ್‌ಹಾನೆ’ಯಲ್ಲಿ. ಗ್ರಂಥಾಲಯ ‘ಕ್ಯುತ್ಯುಪ್‌ಹಾನೆ’, ಆಸ್ಪತ್ರೆ ‘ಹಸ್ತಾನೆ’. ಕೊನೆಯಲ್ಲಿರುವುದು ‘ಮನೆ’ ಎಂಬರ್ಥದ ಪಾರಸಿ ಪದ. ನಾವು ಕಾರಖಾನೆ, ದವಾಖಾನೆ ಎನ್ನುವಾಗ ಬಳಸುವುದೂ ಅದನ್ನೇ. ಗೆಳತಿಯರು ‘ಚಾಯ್ ಮಾಯ್’ ಕುಡಿಯೋಣವೆಂದು ಕರೆದರೆ ಅವಳಿಗೆ ನಗು ಬರಬಹುದು. ನಾವು ‘ಚಹಾ ಗಿಹಾ’ ಎನ್ನುತ್ತೇವೆ, ಮರಾಠಿಯಲ್ಲಿ ‘ಚಹಾಬಿಹಾ’ ಎನ್ನುತ್ತೇವೆ. ಕನ್ನಡಕ್ಕೆ ‘ಗಿ’, ಮರಾಠಿಗೆ ‘ಬಿ’, ತುರ್ಕಿಗೆ ‘ಮ’ಕಾರ, ಕೆಲಸ ಒಂದೇ.

ಇಂತಹ ಹೋಲಿಕೆಗಳಿಂದ ಕನ್ನಡಕ್ಕೂ ತುರ್ಕಿಗೂ ನೆಂಟಸ್ತಿಕೆ ಕಟ್ಟಲು ಹೊರಡಬಾರದು. ಕನ್ನಡವು ದ್ರಾವಿಡ ವರ್ಗದ್ದು, ತುರ್ಕಿಯು ತುರ್ಕಿಕ್ ವರ್ಗದ್ದು. ಧಾತುವಿಗೆ ಪ್ರತ್ಯಯಗಳನ್ನು ಸಾಲಾಗಿ ಪೋಣಿಸುವುದು, ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇರಿಸುವುದು ರಚನೆಯ ಸಾಮ್ಯವೇ ಹೊರತು ರಕ್ತಸಂಬಂಧದ ಪುರಾವೆಯಲ್ಲ.

ಸಂಜೆ ಗೆಳತಿಯ ಮನೆಗೆ ಆಮಂತ್ರಣ. ಪಾದರಕ್ಷೆಯನ್ನು ಬಾಗಿಲಲ್ಲಿಯೇ ಕಳಚಬೇಕು. ಒಳಗೆ ತೊಡಲು ಬೇರೆ ಚಪ್ಪಲಿ ಕೊಡುತ್ತಾರೆ. ಅತಿಥಿಯ ಅಂಗೈಗೆ ಪರಿಮಳದ ‘ಕೊಲೋನ್ಯಾ’ ಸುರಿಯುವ ರೂಢಿಯೂ ಉಂಟು. ಆಮೇಲೆ ನಡು ಸಣ್ಣಗಾದ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ. ಒಂದರ ಮೇಲೊಂದು ಕುಳಿತ ಎರಡು ಕೆಟಲಿಗಳಲ್ಲಿ ಕೆಳಗಿನದರಲ್ಲಿ ಬಿಸಿನೀರು, ಮೇಲಿನದರಲ್ಲಿ ಗಟ್ಟಿ ಕಷಾಯ. ಅವರವರ ರುಚಿಗೆ ತಕ್ಕಂತೆ ಬೆರೆಸಿ ಕೊಡುತ್ತಾರೆ. ಈ ಚಹಾ ಅನಾದಿಯದೆಂದು ಭಾವಿಸಬಾರದು. ಕಪ್ಪುಸಮುದ್ರದ ತೀರದ ರಿಜೆ ಪ್ರಾಂತದಲ್ಲಿ ಚಹಾ ಬೆಳೆ ನೆಲೆಯೂರಿದ್ದು 20ನೆಯ ಶತಮಾನದಲ್ಲಿ. ಅದಕ್ಕಿಂತ ಹಿಂದೆ ಕಾಫಿಗೇ ಅಗ್ರಸ್ಥಾನ.

ಚಹಾದೊಂದಿಗೆ ನಡೆಯುವ ಹರಟೆಯಲ್ಲಿ ಈ ಪಾಠದ ಮುಖ್ಯ ವಿಷಯವಿದೆ. ನೆರೆಯವನು ಬಂದುದನ್ನು ತಾನೇ ಕಂಡಿದ್ದರೆ ಮಾತನಾಡುವವರು ‘ಗೆಲ್ದಿ’ ಎನ್ನುತ್ತಾರೆ: ಬಂದನು. ಯಾರೋ ಹೇಳಿ ತಿಳಿದಿದ್ದರೆ ‘ಗೆಲ್‌ಮಿಶ್’: ಬಂದನಂತೆ. ಮರಾಠಿಯ ‘ಆಲಾ ಮ್ಹಣೆ’ಯೂ ಇದೇ. ಕಥೆ ಹೇಳುವಾಗಲೂ ‘ಮಿಶ್’ ಪ್ರತ್ಯಯವೇ ಬರುತ್ತದೆ. ನಮ್ಮ ಅಜ್ಜಿಯರ ರಾಜನೂ ‘ಇದ್ದನಂತೆ’ ತಾನೆ! ತನಗರಿವಿಲ್ಲದೆ ನಿದ್ದೆಹೋದವನು ‘ಉಯುಮುಶುಮ್’ ಎನ್ನುತ್ತಾನೆ. ಬೇರೆಯವರು ಹೇಳಿ ತಿಳಿದಾಗ ನಾವು ‘ನಿದ್ದೆ ಹೋಗಿದ್ದೆನಂತೆ’ ಎನ್ನುವ ಹಾಗೆ.

ಆದರೆ ಎರಡೂ ಪೂರ್ಣವಾಗಿ ಸಮವಲ್ಲ. ಎದ್ದು ನೋಡಿದಾಗ ಅಂಗಳ ಒದ್ದೆಯಾಗಿದ್ದರೆ ತುರ್ಕಿಯಲ್ಲಿ ‘ಮಿಶ್’ ರೂಪದಿಂದಲೇ ‘ಮಳೆಯಾಗಿದೆ’ ಎಂದು ಹೇಳಬಹುದು. ಕನ್ನಡದಲ್ಲಿ ಅಲ್ಲಿ ‘ಅಂತೆ’ ಸಲ್ಲದು, ‘ಮಳೆಯಾಗಿರಬೇಕು’ ಎನ್ನುತ್ತೇವೆ. ಕೇಳಿದ್ದು, ಊಹಿಸಿದ್ದು ಎರಡನ್ನೂ ತುರ್ಕಿಯು ಒಂದೇ ಪ್ರತ್ಯಯಕ್ಕೆ ಒಪ್ಪಿಸುತ್ತದೆ. ಕನ್ನಡವು ಬೇರೆಬೇರೆಯಾಗಿ ಇಡುತ್ತದೆ. ‘ಬಂದನು, ಬಂದನಂತೆ, ಬಂದಿರಬೇಕು’: ಈ ಮೂರು ನಮ್ಮ ನಾಲಗೆಯ ಮೇಲೆ ಹುಟ್ಟಿನಿಂದ ಇವೆ.

ಪ್ರವಾಸ ಮಾಡುವವನ ಟಿಪ್ಪಣಿಪುಸ್ತಕದಲ್ಲಿ ಈ ಮೂರೂ ಬೇರೆಬೇರೆ ಉಳಿಯಬೇಕು. ಒಬ್ಬ ಚಾಲಕ ಸಿಡುಕಿದನು ಎಂಬುದು ಕಂಡದ್ದು. ಅವನು ದಣಿದಿರಬೇಕು ಎಂಬುದು ಊಹೆ. ಆ ಊರಿನವರೆಲ್ಲ ಸಿಡುಕರಂತೆ ಎಂಬುದು ಕೇಳಿದ್ದು. ಬರವಣಿಗೆಯಲ್ಲಿ ‘ಅಂತೆ’ಯು ಮೆಲ್ಲನೆ ಕಳಚಿಬಿದ್ದರೆ ‘ತುರ್ಕಿಯ ಜನ ಸಿಡುಕರು’ ಎಂಬ ತೀರ್ಪು ಉಳಿಯುತ್ತದೆ. ಎರಡಕ್ಷರ ಬಿದ್ದುಹೋದುದರಿಂದ ಒಂದು ಜನಾಂಗಕ್ಕೆ ಅನ್ಯಾಯವಾಗುತ್ತದೆ.

ಗಡಿಯಾಚೆಯ ಕನ್ನಡಿಗರಾದ ನಮಗೆ ಇದು ದೂರದ ಮಾತಲ್ಲ. ‘ಅವರ ಕನ್ನಡ ಕನ್ನಡವೇ ಅಲ್ಲವಂತೆ’ ಎಂದು ಒಂದು ಕಡೆ, ‘ಅವರಿಗೆ ಮರಾಠಿ ಸರಿಯಾಗಿ ಬಾರದಂತೆ’ ಎಂದು ಇನ್ನೊಂದು ಕಡೆ. ನಮ್ಮ ಮನೆಯಂಗಳವನ್ನು ಕಾಣದವರ ಮಾತಿನಿಂದಲೂ ಒಂದು ದಿನ ‘ಅಂತೆ’ ಕಳಚಿಬೀಳುತ್ತದೆ. ನಮ್ಮ ವಿಷಯದಲ್ಲಿ ಯಾವ ಎಚ್ಚರವನ್ನು ಬಯಸುತ್ತೇವೆಯೋ ಅದನ್ನು ತುರ್ಕಿಯವರ ವಿಷಯದಲ್ಲಿಯೂ ನಾವು ಪಾಲಿಸಬೇಕು.

ಅತಿಥಿ ಹೊರಟಾಗ ಮನೆಯವರು ‘ಗ್ಯುಲೆ ಗ್ಯುಲೆ’ ಎಂದು ಬೀಳ್ಕೊಡುತ್ತಾರೆ. ಶಬ್ದಾರ್ಥ ‘ನಗುನಗುತ್ತ’. ಇದು ಯಾವ ಬಗೆಯ ದ್ವಿರುಕ್ತಿ ಎಂಬುದನ್ನು ನೀವೇ ಹೇಳಬಲ್ಲಿರಿ.

ಅಭ್ಯಾಸ

1. ನೆರೆಯ ಊರಿನ ಸಂತೆಯಲ್ಲಿ ಒಂದು ಗಂಟೆ ಕಳೆದು 15 ವಾಕ್ಯಗಳನ್ನು ಬರೆಯಿರಿ; ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂದು ವಿಂಗಡಿಸಿರಿ.

2. ನಿಮ್ಮ ಮನೆಮಾತಿನಲ್ಲಿ ಶ್ರಮಿಕರಿಗೆ, ರೋಗಿಗಳಿಗೆ, ಅಡುಗೆ ಮಾಡಿದವರಿಗೆ ಹೇಳುವ ‘ಅಲಿ’ ಪ್ರತ್ಯಯದ ಹಾರೈಕೆಗಳನ್ನು ಹಿರಿಯರಿಂದ ಕೇಳಿ ಸಂಗ್ರಹಿಸಿರಿ.

3. ಪಠ್ಯದಲ್ಲಿರುವ ಪ್ರವಾಸಲೇಖನವೊಂದರಲ್ಲಿ ‘ಅಂತೆ’ ಇರಬೇಕಾಗಿದ್ದು ಇಲ್ಲದಿರುವ ವಾಕ್ಯಗಳನ್ನು ಗುರುತಿಸಿ ಚರ್ಚಿಸಿರಿ.