ಅಕ್ಕನ ಚರ್ಮ ಬಿಗಿಯುತ್ತಿದೆ, ಮುಂದೇನು?

ಪ್ರಶ್ನೆ: ನನ್ನ ಅಕ್ಕನಿಗೆ 41 ವರ್ಷ. ತಣ್ಣೀರು ಮುಟ್ಟಿದರೆ ಬೆರಳು ಬೆಳ್ಳಗಾಗಿ, ಆಮೇಲೆ ನೀಲಿಗಟ್ಟುತ್ತಿದ್ದವು. ಈಗ ಕೈ ಊದಿ ಚರ್ಮ ಬಿಗಿದಿದೆ, ಮುಷ್ಟಿ ಕಟ್ಟಲು ಆಗುವುದಿಲ್ಲ. ಡಾಕ್ಟರು ಸ್ಕ್ಲೆರೋಡರ್ಮಾ ಎಂದರು. ಗಂಡನ ಮನೆಯಲ್ಲಿ ಅಂಟುರೋಗವೆಂದು ಅವಳ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಅವರಿಗೂ ಬರುತ್ತದೆಯೇ? ಅಕ್ಕ ಎಷ್ಟು ದಿನ ಬದುಕಿಯಾಳು?
– ಹೆಸರು ಬೇಡ, ಸಕಲೇಶಪುರ

ಉತ್ತರ: ಆ ತಟ್ಟೆ, ಲೋಟ ಇವತ್ತೇ ಉಳಿದವರ ಪಾತ್ರೆಗಳ ಜೊತೆ ಸೇರಲಿ. ಇದು ಅಂಟುರೋಗವಲ್ಲ, ಕುಷ್ಠವೂ ಅಲ್ಲ. ಮುಟ್ಟಿದರೆ, ಒಟ್ಟಿಗೆ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ಕಾಯಿಲೆಯ ನೋವಿನ ಮೇಲೆ ಈ ಅವಮಾನವನ್ನೂ ಅವರು ಯಾಕೆ ಹೊರಬೇಕು?

ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವುದರಿಂದ ಬರುವ ಕಾಯಿಲೆ ಇದು. ಸಣ್ಣ ರಕ್ತನಾಳಗಳು ಕೆಡುತ್ತವೆ, ಕೊಲಾಜೆನ್ ಎಂಬ ನಾರಿನ ಅಂಶ ಅತಿಯಾಗಿ ತುಂಬಿ ಚರ್ಮ ಗಡುಸಾಗುತ್ತದೆ. ಬೆರಳು ಬಣ್ಣ ಬದಲಿಸುವುದು (ರೇನಾಡ್ಸ್) ಎಷ್ಟೋ ಸಲ ವರ್ಷಗಳ ಮೊದಲೇ ಕಾಣಿಸಿಕೊಳ್ಳುತ್ತದೆ. ಹೆಚ್ಚಾಗಿ 30ರಿಂದ 50ರ ವಯಸ್ಸಿನಲ್ಲಿ ಶುರುವಾಗುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಮಕ್ಕಳ ಬಗ್ಗೆ ಹೆದರಬೇಡಿ. ಮನೆತನದಲ್ಲಿ ಅಪಾಯ ತುಸು ಹೆಚ್ಚಿದ್ದರೂ ರೋಗಿಗಳ ಮಕ್ಕಳಲ್ಲಿ ಬಹುಪಾಲು ಜನರಿಗೆ ಇದು ಬರುವುದೇ ಇಲ್ಲ.

ಎಷ್ಟು ದಿನ ಎಂದು ಕೇಳಿದ್ದೀರಿ. ಯಾವ ಬಗೆಯದು, ಒಳಗಿನ ಅಂಗಗಳಿಗೆ ಎಷ್ಟು ತಟ್ಟಿದೆ ಎನ್ನುವುದರ ಮೇಲೆ ಅದು ನಿಂತಿದೆ. ಚರ್ಮದಲ್ಲಷ್ಟೇ ಮಚ್ಚೆಯಂತೆ ಉಳಿಯುವ ಬಗೆ ಜೀವಕ್ಕೆ ಅಪಾಯ ತರುವುದಿಲ್ಲ. ನಿಮ್ಮ ಅಕ್ಕನ ಲಕ್ಷಣಗಳು ಅದರವಲ್ಲ. ದೇಹವ್ಯಾಪಿಯಾದದ್ದರಲ್ಲಿ ಎರಡು ಥರ. ಕೈ, ಮುಖಕ್ಕೆ ಸೀಮಿತವಾಗಿ ನಿಧಾನವಾಗಿ ಸಾಗುವುದು ಒಂದು. ಇನ್ನೊಂದು ತೋಳು, ಎದೆ, ಹೊಟ್ಟೆಗೂ ಬೇಗ ಹಬ್ಬುತ್ತದೆ, ಮೊದಲ ಕೆಲವು ವರ್ಷಗಳಲ್ಲೇ ಅಂಗಗಳನ್ನು ಹಿಡಿಯಬಹುದು. ಆಂಟಿಬಾಡಿ ರಕ್ತಪರೀಕ್ಷೆಯಿಂದ ಇದರ ಸುಳಿವು ಸಿಗುತ್ತದೆ. ಇಂದು ಜೀವಕ್ಕೆ ಎರವಾಗುವುದು ಹೆಚ್ಚಾಗಿ ಶ್ವಾಸಕೋಶದ ತೊಂದರೆ. ಹಾಗಾಗಿ ಚರ್ಮ ನೋಡಿಕೊಂಡು ಕೂರದೆ ಎದೆಯ ಸಿ.ಟಿ., ಉಸಿರಾಟದ ಪರೀಕ್ಷೆ, ಎಕೋ ಮಾಡಿಸಿ. ಶ್ವಾಸಕೋಶಕ್ಕೆ ತಟ್ಟಿದ್ದರೆ ಮೈಕೋಫಿನೊಲೇಟ್, ನಿಂಟೆಡಾನಿಬ್‌ನಂಥ ಔಷಧಗಳಿವೆ. ಬುಡಸಮೇತ ಕೀಳುವ ಮದ್ದಿಲ್ಲ, ಆದರೆ ಹಿಡಿತದಲ್ಲಿಟ್ಟುಕೊಂಡು ದಶಕಗಳ ಕಾಲ ಬಾಳುವವರು ಬಹಳ ಮಂದಿ.

ಮೂತ್ರಪಿಂಡದ ವಿಷಯ ಸ್ವಲ್ಪ ಒತ್ತಿ ಹೇಳುತ್ತೇನೆ. ಕೆಲವರಲ್ಲಿ ಬಿ.ಪಿ. ದಿಢೀರನೆ ಏರಿ ಕಿಡ್ನಿ ಕೆಡುತ್ತದೆ. ಹಿಂದೆ ಇದು ಬಂದವರು ಉಳಿಯುತ್ತಿದ್ದುದೇ ಅಪರೂಪ. 1980ರ ಆಸುಪಾಸಿನಲ್ಲಿ ಎ.ಸಿ.ಇ. ಇನ್‌ಹಿಬಿಟರ್ ಮಾತ್ರೆಗಳು ಬಂದಮೇಲೆ ಆ ಸ್ಥಿತಿ ಬದಲಾಯಿತು, ಬೇಗ ಗೊತ್ತಾಗಬೇಕು ಅಷ್ಟೆ. ಮನೆಯಲ್ಲಿ ಬಿ.ಪಿ. ಯಂತ್ರ ಇಟ್ಟುಕೊಂಡು ಬರೆದಿಡಿ. ಏರಿದರೆ, ಜೋರು ತಲೆನೋವು ಬಂದರೆ, ಕಣ್ಣು ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಈ ಅಪಾಯವನ್ನು ಹೆಚ್ಚಿಸುತ್ತದೆ. ಅಂಗಡಿಯಲ್ಲಿ ಕೇಳಿ ತಂದು ನುಂಗಿಸಬೇಡಿ. ಈಗಾಗಲೇ ಕೊಟ್ಟಿದ್ದರೆ ತಾವಾಗಿ ನಿಲ್ಲಿಸಲೂಬೇಡಿ, ಡಾಕ್ಟರನ್ನು ಕೇಳಿ.

ನಿಮ್ಮೂರಿನ ಚಳಿಗೆ ಉಣ್ಣೆಯ ಕೈಗವಸು, ಪಾತ್ರೆ ತೊಳೆಯಲು ಬೆಚ್ಚನೆಯ ನೀರು ಬೇಕೇ ಬೇಕು. ಬೀಡಿ, ಸಿಗರೇಟಿನ ಹೊಗೆ ಅವರ ಹತ್ತಿರ ಸುಳಿಯಬಾರದು. ಎದೆಯುರಿ ಇದ್ದರೆ ರಾತ್ರಿ ಊಟ ಬೇಗ ಮುಗಿಸಲಿ. ಬೆರಳು ಮಡಚಿ ಬಿಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು ದಿನವೂ ಮಾಡಲಿ.

ತಡ ಮಾಡದೆ ಸಂಧಿವಾತ ತಜ್ಞರ (ರುಮಟಾಲಜಿಸ್ಟ್) ಹತ್ತಿರ ಕರೆದೊಯ್ಯಿರಿ. ಹೋಗುವಾಗ ಭಾವನವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಇದು ಅಂಟುವುದಿಲ್ಲ ಎಂಬ ಮಾತನ್ನು ಅವರು ಡಾಕ್ಟರ ಬಾಯಿಂದಲೇ ಕೇಳಲಿ.