ಏರು ಹತ್ತುವ ಸೈಕಲ್



ನಾವು ಅಕ್ಷರ ಕಲಿತೆವು. ಬಸ್ಸಿನ ಬೋರ್ಡು ಓದುತ್ತೇವೆ. ಸಂಘದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವುದಿಲ್ಲ, ಸಹಿ ಮಾಡುತ್ತೇವೆ. ಕಲಿಯುವ ವಿದ್ಯೆ ಇನ್ನೊಂದು ಇದೆ. ಅದು ಸೈಕಲ್ ವಿದ್ಯೆ.

“ಈ ವಯಸ್ಸಿನ್ಯಾಗ ಸೈಕಲ್ಲಾ? ಮಂದಿ ನಗ್ತಾರವ್ವಾ!” ಎನ್ನುತ್ತೇವೆ. “ಬಿದ್ದು ಕೈಕಾಲು ಮುರಕೊಂಡ್ರ ದುಡಿಯೋರು ಯಾರು?” ಎಂದು ಕೇಳುತ್ತೇವೆ. ಕೇಳುವುದು ತಪ್ಪಲ್ಲ. ಕೂಲಿ ಹೆಣ್ಣುಮಗಳು ಒಂದು ದಿನ ಮಲಗಿದರೂ ಮನೆಗೆ ನಷ್ಟ. ಆದ್ದರಿಂದ ಕಲಿತರೆ ಏನು ಲಾಭ ಎಂದು ಮೊದಲು ಲೆಕ್ಕ ಹಾಕೋಣ. ಜೋಪಾನವಾಗಿ ಕಲಿಯುವುದು ಹೇಗೆ ಎಂದು ಆಮೇಲೆ ತಿಳಿಯೋಣ.

ದಾರಿಯ ಲೆಕ್ಕ

ಜಮಖಂಡಿ, ಮುಧೋಳ ಸೀಮೆಯಲ್ಲಿ ಬಹಳ ಜನ ತೋಟದ ಮನೆಯಲ್ಲಿ ಇದ್ದಾರೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಕೆಲಸಕ್ಕೆ ಹೋಗುವವರಿದ್ದಾರೆ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಹಳ್ಳಿಗಳು ಮುಳುಗಿ, ಜನ ಹೊಸ ಜಾಗಕ್ಕೆ ಬಂದರು. ಶಾಲೆ, ದವಾಖಾನೆ, ಸಂತೆ, ಹೊಲ ಎಲ್ಲವೂ ನಡಿಗೆಯ ದಾರಿ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಒಳ್ಳೆಯದು. ಆದರೆ ಬಸ್ಸು ತೋಟದ ಬಾಗಿಲಿಗೆ ಬರುವುದಿಲ್ಲ.

ತಾಸಿಗೆ 4 ಕಿಲೋಮೀಟರ್ ನಡೆಯುತ್ತೇವೆ ಅನ್ನಿ. ಸೈಕಲ್ ನಿಧಾನ ತುಳಿದರೂ ತಾಸಿಗೆ 12 ಕಿಲೋಮೀಟರ್ ಹೋಗಬಹುದು. 6 ಕಿಲೋಮೀಟರ್ ದೂರದ ದವಾಖಾನೆಗೆ ನಡೆದರೆ ಒಂದೂವರೆ ತಾಸು ಬೇಕು. ಸೈಕಲ್ಲಿಗೆ ಅರ್ಧ ತಾಸು ಸಾಕು. ಹೋಗಿಬರುವುದರಲ್ಲಿ ಎರಡು ತಾಸು ಉಳಿಯಿತು. ಜ್ವರ ಬಂದ ಕೂಸಿನ ಔಷಧ ತರುವಾಗ ಎರಡು ತಾಸು ಸಣ್ಣದಲ್ಲ. “ಯಾರರ ಗಾಡಿ ಮ್ಯಾಲ ಕರಕೊಂಡು ಹೋಗ್ರಿ” ಎಂದು ಕೈಮುಗಿದು ನಿಲ್ಲುವುದೂ ತಪ್ಪುತ್ತದೆ.

ಪುದುಕೋಟೆಯ ಹೆಣ್ಣುಮಕ್ಕಳು

ತಮಿಳುನಾಡಿನಲ್ಲಿ ಪುದುಕೋಟೆ ಎಂಬ ಜಿಲ್ಲೆ ಇದೆ. 1991ರಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಆಗ ಶೀಲಾ ರಾಣಿ ಚುಂಕತ್ ಅಲ್ಲಿನ ಜಿಲ್ಲಾಧಿಕಾರಿ. ಆಂದೋಲನದವರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಕಲ್ಲು ಒಡೆಯುವವರು, ಹೊಲದ ಕೂಲಿಯವರು, ಅಂಗನವಾಡಿಯವರು ಕಲಿತರು. ಕೊಳ್ಳಲು ಬ್ಯಾಂಕಿನ ಸಾಲವೂ ಸಿಕ್ಕಿತು. ಹೆಂಗಸರ ಸೈಕಲ್ ಸಾಲದೆ ಹೋಯಿತು. ಅವರು ಗಂಡಸರ ಸೈಕಲ್ಲನ್ನೇ ಹತ್ತಿದರು. ಮುಂದಿನ ಪೈಪಿನ ಮೇಲೆ ಕೂಸು, ಹಿಂದೆ ನೀರಿನ ಕೊಡ! ಮೊದಮೊದಲು ಗಂಡಸರು ಹೀಯಾಳಿಸಿದರು. ಹೆಂಗಸರು ತುಳಿಯುವುದನ್ನು ಬಿಡಲಿಲ್ಲ.

ಗುಡ್ಡದ ಸೈಕಲ್

“ನಮ್ಮ ದಾರ್ಯಾಗ ಬರೇ ಕಲ್ಲು, ತಗ್ಗು. ಸೈಕಲ್ ಹೆಂಗ ಓಡ್ತೈತಿ?” ಎಂಬ ಪ್ರಶ್ನೆ ಬರುತ್ತದೆ. ಇದಕ್ಕೂ ಸೈಕಲ್ ಇದೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಹಳೆಯ ದಪ್ಪ ಗಾಲಿ ಸೈಕಲ್ ಹತ್ತಿ ಗುಡ್ಡ ಇಳಿಯತೊಡಗಿದರು. ಅದರಿಂದ ಮೌಂಟನ್ ಬೈಕ್ ಹುಟ್ಟಿತು. 1996ರ ಒಲಿಂಪಿಕ್ಸ್‌ನಲ್ಲಿ ಅದರ ಸ್ಪರ್ಧೆ ಸೇರಿತು. ಹೆಂಗಸರ ಸ್ಪರ್ಧೆಯಲ್ಲಿ ಇಟಲಿಯ ಪಾವೊಲಾ ಪೆಜ್ಜೊ ಮೊದಲ ಚಿನ್ನ ಗೆದ್ದಳು.

ಇದರ ಟೈರು ಅಗಲ, ಹಲ್ಲು ಹಲ್ಲಾಗಿ ಇರುತ್ತದೆ. ಮಣ್ಣನ್ನು ಹಿಡಿದು ಹೋಗುತ್ತದೆ. ಗೇರೂ ಇರುತ್ತದೆ. ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರಕ್ಕೆ ಚೈನು ಬಂದರೆ ಏರು ಹಗುರ. ಆದರೆ ಹೆಚ್ಚು ಸಲ ತುಳಿಯಬೇಕು. ಗೇರಿನ ಸೈಕಲ್ಲೇ ಬೇಕೆಂದಿಲ್ಲ. ಮಗನದೋ ಮಗಳದೋ ಹಳೆಯ ಸೈಕಲ್ಲೂ ಕಲಿಯಲು ಸಾಕು.

ನಮ್ಮ ಕಡೆಗೂ ಸೈಕಲ್ ಹೊಸದಲ್ಲ. ವಿಜಯಪುರ, ಬಾಗಲಕೋಟೆ, ಗದಗದಲ್ಲಿ ಸೈಕಲ್ ಪಟುಗಳ ಸರ್ಕಾರಿ ಕ್ರೀಡಾ ನಿಲಯಗಳಿವೆ. ಒಕ್ಕಲು ಮನೆತನದ ಹುಡುಗಿಯರು ಅಲ್ಲಿ ಕಲಿತು ರಾಷ್ಟ್ರಮಟ್ಟದ ಪದಕ ತಂದಿದ್ದಾರೆ.

ಕಲಿಯುವ ಬಗೆ

1. ಇಬ್ಬರು ಮೂವರು ಕೂಡಿ ಹೋಗೋಣ. ಒಬ್ಬರು ಸೈಕಲ್ ಹಿಡಿಯಲಿ, ಒಬ್ಬರು ಕಲಿಯಲಿ. ಗಟ್ಟಿ ನೆಲದ ಬಯಲು ಒಳ್ಳೆಯದು.

2. ಸೀಟು ಇಳಿಸೋಣ. ಎರಡೂ ಪಾದ ನೆಲಕ್ಕೆ ಪೂರಾ ಊರಬೇಕು. ಆಗ ಬೀಳುವ ಭಯ ಅರ್ಧ ಹೋಗುತ್ತದೆ.

3. ಮೊದಲು ಪೆಡಲ್ ಮುಟ್ಟುವುದು ಬೇಡ. ಕಾಲಿನಿಂದ ನೆಲ ಒದ್ದು ಸೈಕಲ್ ಉರುಳಿಸೋಣ. ತೋಲ ಸಿಕ್ಕ ಮೇಲೆ ಪೆಡಲ್ ತುಳಿಯೋಣ.

4. ಸೈಕಲ್ ಎಡಕ್ಕೆ ವಾಲಿದರೆ ಹ್ಯಾಂಡಲ್ ತುಸು ಎಡಕ್ಕೇ ತಿರುಗಿಸಬೇಕು. ಹೆದರಿ ಬಲಕ್ಕೆ ತಿರುಗಿಸಿದರೆ ಬೀಳುತ್ತೇವೆ.

5. ಕಣ್ಣು ಮುಂದಿನ ದಾರಿಯ ಮೇಲಿರಲಿ. ಕಲ್ಲನ್ನೇ ನೋಡಿದರೆ ಗಾಲಿ ಕಲ್ಲಿಗೇ ಹೋಗುತ್ತದೆ.

6. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಒಂದನ್ನೇ ಗಟ್ಟಿ ಹಿಡಿಯಬಾರದು. ಮುಗ್ಗರಿಸುತ್ತದೆ. ಎರಡೂ ಬ್ರೇಕ್ ಮೆಲ್ಲಗೆ ಹಿಡಿಯಬೇಕು. ಮೈಯನ್ನು ತುಸು ಹಿಂದಕ್ಕೆ ಇಡಬೇಕು.

7. ಸೀರೆಯ ಸೆರಗು, ನಿರಿಗೆ ಬಿಗಿಯಾಗಿ ಸಿಕ್ಕಿಸಬೇಕು. ಚೈನಿಗೆ, ಗಾಲಿಗೆ ಸಿಗಬಾರದು. ತಲೆಗೆ ಹೆಲ್ಮೆಟ್ ಇದ್ದರೆ ಕ್ಷೇಮ. ಬಸುರಿಯಾಗಿದ್ದಾಗ ಹೊಸದಾಗಿ ಕಲಿಯುವುದು ಬೇಡ.

ಮಳೆ ಬಂದಾಗ ಎರೆಮಣ್ಣು ಗಾಲಿಗೆ ಮೆತ್ತುತ್ತದೆ. ಗಾಲಿ ತಿರುಗುವುದಿಲ್ಲ. ಆಗ ಇಳಿದು, ಕಡ್ಡಿಯಿಂದ ಮಣ್ಣು ಕೆರೆದು, ತಳ್ಳಿಕೊಂಡು ಹೋಗೋಣ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೈಲರ್ ಕಟ್ಟಿಕೊಂಡು ಟ್ರ್ಯಾಕ್ಟರ್ ಬರುತ್ತವೆ. ಅವು ಬಂದಾಗ ರಸ್ತೆ ಬಿಟ್ಟು ಕೆಳಗೆ ನಿಲ್ಲೋಣ. ಏರು ಹತ್ತಲು ಉಸಿರು ಸಾಲದಿದ್ದರೆ ಇಳಿದು ನಡೆಯೋಣ. ಇಳಿಯುವುದು ಸೋಲಲ್ಲ. ನಾಳೆ ಇನ್ನೂ ನಾಲ್ಕು ಮಾರು ಮುಂದೆ ಹೋಗುತ್ತೇವೆ.

ಮೊದಲ ದಿನ ‘ಅ’ ಬರೆದಾಗ ಗೆರೆ ಸೊಟ್ಟಗಿತ್ತು. ಬರೆಯುತ್ತ ಬರೆಯುತ್ತ ಕೈ ಕೂಡಿತು. ಸೈಕಲ್ಲೂ ಹಾಗೆಯೇ. ನಗುವವರು ನಾಲ್ಕು ದಿನ ನಗುತ್ತಾರೆ. ಐದನೆಯ ದಿನ ಅವರೇ “ಯಕ್ಕಾ, ಸಂತಿಗೆ ಹೊಂಟೀರೇನು? ನಂದೊಂದು ಚೀಲ ತರ್ರಿ” ಅನ್ನುತ್ತಾರೆ!

ಕೂಡಿ ಮಾತಾಡೋಣ

1. ನಮ್ಮ ಮನೆಯಿಂದ ದವಾಖಾನೆ ಎಷ್ಟು ದೂರ? ನಡೆದರೆ ಎಷ್ಟು ಹೊತ್ತು? ಸೈಕಲ್ಲಿಗೆ ಎಷ್ಟು ಹೊತ್ತು?

2. ಸೈಕಲ್ ಬಲಕ್ಕೆ ವಾಲಿದರೆ ಹ್ಯಾಂಡಲ್ ಯಾವ ಕಡೆ ತಿರುಗಿಸಬೇಕು?

3. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಸೈಕಲ್ ಇದೆ? ಸಂಜೆ ಒಂದು ತಾಸು ಕೇಳಿ ತರುವವರು ಯಾರು? ಹೆಸರು ಬರೆಯಿರಿ.