ಮರದ ನೆಲವೋ, ಶಹಾಬಾದ್ ಫರಸಿಯೋ?

ಹೊಸ ಮನೆಗೆ ಮರದ ನೆಲ ಹಾಕಿಸುವ ಆಸೆ ಈಗ ನಮ್ಮ ಕಡೆಯೂ ಬಂದಿದೆ. ಕಾಲಿಗೆ ಮೆತ್ತಗೆ, ಚಳಿಗಾಲದಲ್ಲಿ ಬೆಚ್ಚಗೆ, ನೋಡಲು ಚೆಂದ ಎಂಬುದೆಲ್ಲ ನಿಜ. ಮೇಲ್ಮಹಡಿಯ ಮಲಗುವ ಕೋಣೆಗೆ ಹಾಕಿಸಿಕೊಳ್ಳುವುದಾದರೆ ತಪ್ಪಿಲ್ಲ. ಆದರೆ ಚಿತ್ತಾಪುರ, ಸೇಡಂ, ವಾಡಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಒಣ ಗಾಳಿಗೆ ಕುಗ್ಗಿದ ಹಲಗೆ ಮಳೆಗಾಲದ ತೇವಕ್ಕೆ ಹಿಗ್ಗುತ್ತದೆ. ನೆಲಮಹಡಿಯಲ್ಲಿ ಗೆದ್ದಲಿನ ಕಾಟ ಬೇರೆ. ಇಲ್ಲಿ ಬೇಕಿರುವುದು ತಂಪು ನೆಲ. ಅದಕ್ಕೆ ಶಹಾಬಾದ್ ಕಲ್ಲೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ಭೀಮಾ ತೀರದ ಸುಣ್ಣಕಲ್ಲು. ಪದರಪದರವಾಗಿ ಕೂತಿರುವುದರಿಂದ ಖಣಿಯಲ್ಲೇ ಚಪ್ಪಡಿಯಾಗಿ ಸೀಳಿಕೊಂಡು ಬರುತ್ತದೆ. ಸನ್ನತಿಯ ಪಕ್ಕದ ಕನಗನಹಳ್ಳಿ ಸ್ತೂಪದಲ್ಲಿ, ಅಶೋಕನ ಹೆಸರನ್ನು ಬ್ರಾಹ್ಮಿಯಲ್ಲಿ ಕೊರೆದಿರುವ ಫಲಕವೂ ಸೇರಿದಂತೆ, ಶಿಲ್ಪಿಗಳು ಕೆತ್ತಿದ್ದು ಸುಣ್ಣಕಲ್ಲನ್ನೇ. ಹೀಗಿದ್ದೂ ನಮ್ಮ ಎಷ್ಟೋ ಮನೆಗಳ ಫರಸಿ ಹತ್ತು ವರ್ಷಕ್ಕೇ ಎದ್ದು ಕುಣಿಯುತ್ತದೆ. ದೋಷ ಹೆಚ್ಚಾಗಿ ಕಲ್ಲಿನದಲ್ಲ, ಅದರ ಕೆಳಗಿನದು.

ಮೊದಲು ಮಣ್ಣು ನೋಡಿ

ನಿಮ್ಮ ಜಾಗ ಎರೆ ಮಣ್ಣಿನದಾದರೆ ಇಲ್ಲಿ ಕೈ ಬಿಗಿ ಹಿಡಿಯಬೇಡಿ. ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಜೊತೆಗೆ ಮೇಲಿನ ಕಲ್ಲನ್ನೂ ಎತ್ತಿಹಾಕುತ್ತದೆ. ಪಾಯದ ಅಗೆತದಲ್ಲಿ ಬಂದ ಕರಿ ಮಣ್ಣನ್ನೇ ಕೋಣೆಯೊಳಗೆ ತುಂಬುವ ಅಭ್ಯಾಸವಿದೆ, ಅದಕ್ಕೆ ಒಪ್ಪಲೇಬೇಡಿ. ಒಳಗಿರುವ ಕರಿ ಮಣ್ಣನ್ನೂ ತೆಗೆಸಿ ಮುರುಮು ತುಂಬಿಸಿ. ಅರ್ಧ ಅಡಿಯಷ್ಟು ಹರಡಿ, ನೀರು ಹೊಡೆದು, ದಮ್ಮಸು ಮಾಡಿದ ಮೇಲೆಯೇ ಮುಂದಿನ ಪದರ. ಅದರ ಮೇಲೆ ಮೂರ್ನಾಲ್ಕು ಇಂಚು ಕಾಂಕ್ರೀಟ್ ಬೀಳಲಿ.

ಕಲ್ಲು ಆರಿಸುವುದು

ಅಂಗಡಿಯವರು ತೋರಿಸುವ ಒಂದೇ ಕಲ್ಲು ನೋಡಿ ಲೋಡು ಹೇಳಬೇಡಿ. ಚಪ್ಪಡಿಯನ್ನು ಅಂಚಿನ ಮೇಲೆ ನಿಲ್ಲಿಸಿ ಸಣ್ಣ ಸುತ್ತಿಗೆಯಿಂದ ತಟ್ಟಿ. ಠಣ್ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಒಳಗೆ ಬಿರುಕಿದೆ ಅಥವಾ ಪದರ ಬಿಟ್ಟಿದೆ. ಅಂಚಿನಲ್ಲಿ ಪದರ ಸುಲಿಯುವ ಕಲ್ಲು ಬೇಡ. ಒಳಕೋಣೆಗೆ ಯಂತ್ರದಲ್ಲಿ ಅಂಚು ಕೊರೆದದ್ದು ತನ್ನಿ; ಅಂಗಳಕ್ಕೂ ಮೆಟ್ಟಿಲಿಗೂ ಒರಟು ಮೈಯದ್ದೇ ಒಳ್ಳೆಯದು, ಮಳೆಯಲ್ಲಿ ಜಾರುವುದಿಲ್ಲ. ಒಡೆಯುವ ಕಲ್ಲಿಗೆಂದು ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ತರಿಸಿ.

ಹಾಸುವ ದಿನ

ಗೌಂಡಿ ಕೆಲಸ ಮಾಡುವಾಗ ಹತ್ತಿರ ನಿಂತು ಒಂದು ವಿಷಯ ಗಮನಿಸಿ. ಅವಸರವಿದ್ದಾಗ ನಾಲ್ಕು ಮೂಲೆಗೆ, ನಡುವೆ ಒಂದಕ್ಕೆ ಮಾಲು ಗುಡ್ಡೆಯಿಟ್ಟು ಮೇಲೆ ಕಲ್ಲು ಕೂರಿಸಿಬಿಡುತ್ತಾರೆ. ಗುಡ್ಡೆಗಳ ನಡುವೆ ಟೊಳ್ಳು ಉಳಿಯುತ್ತದೆ. ಮುಂದೆ ಕಪಾಟಿನ ಕಾಲು ಅಲ್ಲಿ ಬಿದ್ದರೆ ಕಲ್ಲು ಸೀಳುತ್ತದೆ. ಒಂದಕ್ಕೆ ಆರರಂತೆ ಕಲಸಿದ ಸಿಮೆಂಟು-ಮರಳಿನ ಮಾಲು ಸುಮಾರು ಒಂದು ಇಂಚು ದಪ್ಪಕ್ಕೆ ಇಡಿಯಾಗಿ ಹರಡಬೇಕು. ಕಲ್ಲಿನ ಹಿಂಭಾಗದ ಧೂಳು ತೊಳೆದು, ನೆನೆಸಿ, ದಾರ ಕಟ್ಟಿ, ಮರದ ಸುತ್ತಿಗೆಯಲ್ಲಿ ತಟ್ಟುತ್ತ ಕೂರಿಸಬೇಕು. ಒಡೆದ ಕಲ್ಲಿನ ದಪ್ಪ ಒಂದೇ ಸಮ ಇರುವುದಿಲ್ಲ, ಹಾಗಾಗಿ ಪ್ರತಿ ಕಲ್ಲಿಗೂ ರಸಮಟ್ಟ ಇಡಿಸಿ. ಬಚ್ಚಲಲ್ಲಿ ಐದಡಿಗೆ ಒಂದು ಇಂಚು ಇಳಿಜಾರು ಬಿಡಿಸಿ.

ಎರಡು ದಿನ ಯಾರೂ ತುಳಿಯಬಾರದು. ಏಳು ದಿನ ಒದ್ದೆ ಗೋಣಿ ಹೊದಿಸಿ, ನಮ್ಮ ಬಿಸಿಲಿಗೆ ದಿನಕ್ಕೆ ಮೂರು ಸಲ ನೀರು ಬೇಕು. ಆಮೇಲೆ ನೆಲ ಪೂರ್ತಿ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಲ್ಲನ್ನು ಆಗಲೇ ಎಬ್ಬಿಸಿ ಹಾಸಿಸಿ. ಪಾಲಿಶ್ ಹದಿನೈದು ದಿನ ಕಳೆದ ಮೇಲೆ. ನೀರು ಹಾಕಿಯೇ ಉಜ್ಜಿಸಿ, ಕೆಲಸಗಾರರಿಗೆ ಮಾಸ್ಕ್ ಕೊಡಿಸಿ. ಆ ಧೂಳು ಅವರ ಎದೆಗೆ ಹೋಗಬಾರದು.

ಆ್ಯಸಿಡ್ ಬೇಡವೇ ಬೇಡ

ಸಿಮೆಂಟಿನ ಕಲೆ ತೆಗೆಯಲು ಆ್ಯಸಿಡ್ ಸುರಿಯುವುದುಂಟು. ಸುಣ್ಣಕಲ್ಲನ್ನು ಆ್ಯಸಿಡ್ ತಿನ್ನುತ್ತದೆ. ಕಲ್ಲಿನ ಚೂರಿನ ಮೇಲೆ ನಾಲ್ಕು ಹನಿ ಹಾಕಿದರೆ ಬುರುಬುರು ನೊರೆ ಏಳುವುದನ್ನು ಕಣ್ಣಾರೆ ಕಾಣಬಹುದು. ಲಿಂಬೆ, ಹುಣಸೆ ರಸವೂ ಪಾಲಿಶ್ ಕೆಡಿಸುತ್ತದೆ, ಚೆಲ್ಲಿದ ಕೂಡಲೇ ಒರೆಸಿ. ಶೌಚಾಲಯ ತೊಳೆಯುವ ದ್ರಾವಣ ಫರಸಿಗೆ ತಾಗದಿರಲಿ. ದಿನನಿತ್ಯಕ್ಕೆ ಬರೀ ನೀರು, ಜಿಡ್ಡಿದ್ದರೆ ಸ್ವಲ್ಪ ಸೋಪಿನ ನೀರು ಸಾಕು.